ರೇಷ್ಮೆ ಗೂಡಿಗೆ, ಹುಳಿ ಚಟ್ನಿಗೆ

ಗೇರು, ಮಾವಿನ ಮರ ಹತ್ತಿದವರಿಗೆ ಚಗಳಿ ಇರುವೆಯ ಪರಿಚಯ ಮಾಡಿಸಬೇಕಿಲ್ಲ. ಕೊಂಬೆಗೆ ಕೈ ತಾಗಿದರೆ ಸಾಕು, ಕೆಂಪು ದಂಡು ತೋಳೇರಿ ಬರುತ್ತದೆ. ಕೊಂಡಿಯಿಲ್ಲದ ಇರುವೆ ಇದು. ಮೊದಲು ದವಡೆಯಿಂದ ಕಚ್ಚುತ್ತದೆ, ಆಮೇಲೆ ಹೊಟ್ಟೆಯ ತುದಿ ಬಾಗಿಸಿ ಗಾಯದ ಮೇಲೆ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಮಲೆನಾಡಿನ ಚಗಳಿ ಚಟ್ನಿಗೆ ಹುಳಿ ಬರುವುದು ಇದೇ ಆಮ್ಲದಿಂದ.

ವಿಜ್ಞಾನಿಗಳು ಈಕೋಫಿಲ್ಲಾ ಸ್ಮರಾಗ್ಡಿನಾ ಎನ್ನುವ ಈ ಇರುವೆ ಮಣ್ಣಿನಲ್ಲಿ ಮನೆ ಮಾಡುವುದಿಲ್ಲ. ಮರದ ಹಸಿರೆಲೆಗಳನ್ನೇ ಜೋಡಿಸಿ ಗೂಡು ಹೊಲಿಯುತ್ತದೆ. ಕೆಲಸಗಾರ ಇರುವೆಗಳು ಎಲೆಯಂಚಿನಲ್ಲಿ ಸಾಲಾಗಿ ನಿಂತು ಇನ್ನೊಂದು ಎಲೆಯನ್ನು ಎಳೆಯುತ್ತವೆ. ನಡುವಿನ ಅಂತರ ಹೆಚ್ಚಿದ್ದರೆ ಒಂದರ ಸೊಂಟವನ್ನು ಇನ್ನೊಂದು ಕಚ್ಚಿಕೊಂಡು ಸರಪಳಿಯಾಗುತ್ತವೆ. ಅಂಚುಗಳು ಕೂಡಿದ ಮೇಲೆ ಬೇರೆ ಇರುವೆಗಳು ತಮ್ಮದೇ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಬರುತ್ತವೆ. ಮರಿಯ ತಲೆಯನ್ನು ಈ ಎಲೆಗೊಮ್ಮೆ ಆ ಎಲೆಗೊಮ್ಮೆ ಮುಟ್ಟಿಸಿದಂತೆ ಅದರ ಬಾಯಿಂದ ರೇಷ್ಮೆಯೆಳೆ ಬರುತ್ತದೆ. ಮಗ್ಗದ ಲಾಳಿಯ ಕೆಲಸ ಇಲ್ಲಿ ಮರಿಯದು.

ಇದರ ಬೆಲೆ ತೆರುವುದೂ ಮರಿಯೇ. ಇದೇ ಉಪಕುಟುಂಬದ ಹಲವು ಇರುವೆಗಳ ಮರಿ ತನ್ನ ಸುತ್ತ ತಾನೇ ರೇಷ್ಮೆ ಸುತ್ತಿಕೊಂಡು ಕೋಶವಾಗುತ್ತದೆ. ಚಗಳಿಯ ಮರಿ ಇದ್ದ ರೇಷ್ಮೆಯನ್ನೆಲ್ಲ ಮನೆಗೆ ಕೊಟ್ಟು, ತಾನು ಬೆತ್ತಲೆಯಾಗಿಯೇ ಕೋಶಾವಸ್ಥೆಗೆ ಹೋಗುತ್ತದೆ. ಎಲೆಗೂಡೇ ಅದಕ್ಕೆ ಹೊದಿಕೆ. ತಿನ್ನುವವರಿಗೆ ಇದೊಂದು ಅನುಕೂಲ. ರೇಷ್ಮೆಹುಳುವನ್ನು ತಿನ್ನಬೇಕೆಂದರೆ ಮೊದಲು ಗೂಡು ಕಳಚಬೇಕು. ಅಸ್ಸಾಮಿನಲ್ಲಿ ಹಾಗೆ ಸಿಕ್ಕ ಹುಳು ಅಡುಗೆಮನೆ ಸೇರುತ್ತದೆ. ಇಷ್ಟೊಂದು ರೇಷ್ಮೆ ತೆಗೆಯುವ ನಮ್ಮ ರಾಜ್ಯದಲ್ಲಿ ಮಾತ್ರ ಅದು ಮನುಷ್ಯರ ತಟ್ಟೆಗೆ ಬರಲೇ ಇಲ್ಲ.

ಚಟ್ನಿಗೆ ಗೂಡನ್ನು ಕೊಂಬೆಯಿಂದ ಕಡಿದು ಪಾತ್ರೆಗೆ ಕೊಡವುತ್ತಾರೆ. ಇರುವೆ, ಮರಿ ಎಲ್ಲವನ್ನೂ ಹದವಾಗಿ ಹುರಿದು ಕಾಯಿ, ಮೆಣಸು, ಬೆಳ್ಳುಳ್ಳಿ, ಉಪ್ಪು ಹಾಕಿ ರುಬ್ಬಿದರೆ ಆಯಿತು. ಹುಣಸೆಹಣ್ಣು ಬೇಡ. ಫಾರ್ಮಿಕ್ ಆಮ್ಲ ಕುದಿಯುವುದು ಸುಮಾರು 101 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹೆಚ್ಚುಕಡಿಮೆ ನೀರಿನಂತೆಯೇ. ಬಾಣಲೆ ಹೆಚ್ಚು ಹೊತ್ತು ಕಾದರೆ ಹುಳಿ ಹಾರಿಹೋಗುತ್ತದೆ. ಶೀತ, ಕೆಮ್ಮಿಗೆ ಇದು ಮದ್ದು ಎನ್ನುವವರಿದ್ದಾರೆ. ಮೂಗು ಬಿಟ್ಟದ್ದರಲ್ಲಿ ಇರುವೆಯ ಪಾಲೆಷ್ಟು, ಮೆಣಸಿನ ಪಾಲೆಷ್ಟು ಎಂದು ವಿಚಾರಿಸುವ ಉಸಾಬರಿ ನನಗೆ ಬೇಡ. ಸಿಗಡಿ ತಿಂದರೆ ಮೈ ತುರಿಸುವವರು ಮಾತ್ರ ಹುಷಾರಾಗಿರಬೇಕು: ಕೀಟಗಳೂ ಸಿಗಡಿಯೂ ಹತ್ತಿರದ ಸಂಬಂಧಿಗಳು, ಅಲರ್ಜಿ ತರುವ ಪ್ರೋಟೀನೂ ಬಹುಮಟ್ಟಿಗೆ ಒಂದೇ.

ಒಡಿಶಾದ ಮಯೂರ್‌ಭಂಜ್‌ನಲ್ಲಿ ಇದೇ ಇರುವೆಯ ‘ಕಾಯಿ ಚಟ್ನಿ’ಗೆ 2024ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ನಮ್ಮ ಚಟ್ನಿಯನ್ನು ಕಂಡು ಮುಖ ಸಿಂಡರಿಸುವವರು ಇದನ್ನು ಗಮನಿಸಬಹುದು.

ತಿನ್ನುತ್ತ ಹೋದರೆ ಇರುವೆ ಉಳಿಯುತ್ತದೆಯೇ? ಉಳಿಯಬೇಕಾದದ್ದು ತೋಟಕ್ಕೇ ಮುಖ್ಯ. ಕಿತ್ತಳೆಯ ತೋಟಗಳನ್ನು ಕೀಟಗಳಿಂದ ಕಾಯಲು ದಕ್ಷಿಣ ಚೀನಾದ ಸಂತೆಗಳಲ್ಲಿ ಈ ಇರುವೆಯ ಗೂಡು ಮಾರುತ್ತಿದ್ದರೆಂದು ಕ್ರಿ.ಶ. 304ರದೆನ್ನುವ ಬರಹವೊಂದಿದೆ. ಗೇರಿನ ಚಿಗುರು ಹೀರುವ, ಟೀ ಸೊಳ್ಳೆ ಎಂದು ಕರೆಯುವ ಕೀಟವನ್ನೂ ಇದು ಹಿಡಿಯುತ್ತದೆ. ಥಾಯ್ಲೆಂಡಿನವರು ಮುಖ್ಯವಾಗಿ ತಿನ್ನುವುದು ಮುಂದೆ ರಾಣಿಯಾಗಲಿರುವ ದಪ್ಪ ಮರಿಗಳನ್ನು. ಹೇಗೂ ಗೂಡು ಬಿಟ್ಟು ಹಾರಿಹೋಗುವಂಥವು ಅವು, ತೆಗೆದರೂ ಕೆಲಸಗಾರರ ದಂಡು ಕರಗುವುದಿಲ್ಲ. ನಮ್ಮ ಚಟ್ನಿಗೆ ಆ ಲೆಕ್ಕ ಹೊಂದುವುದಿಲ್ಲ, ಹುಳಿ ಇರುವುದು ಕೆಲಸಗಾರರ ಹೊಟ್ಟೆಯಲ್ಲೇ. ಆದರೆ ಒಂದು ಸಂಸಾರಕ್ಕೆ ಹಲವು ಮರಗಳಲ್ಲಿ ಹತ್ತಾರು ಗೂಡುಗಳಿರುತ್ತವೆ, ಮೊಟ್ಟೆಯಿಡುವ ರಾಣಿ ಇರುವುದು ಅವುಗಳಲ್ಲಿ ಒಂದರಲ್ಲಿ ಮಾತ್ರ. ಒಂದೆರಡು ಗೂಡು ಕಡಿದು, ಮಿಕ್ಕವನ್ನು ಮರದಲ್ಲೇ ಬಿಟ್ಟರೆ ಚಟ್ನಿಯೂ ಆದೀತು, ಗೇರಿನ ಕಾವಲೂ ನಡೆದೀತು.