ಎದುರಿಗೇ ಕುಳಿತಂತಿದ್ದರೂ ದೂರವೇ

ಇಂದಿರಾನಗರದಲ್ಲಿ ತಾಯಿ, ಅಮೆರಿಕದಲ್ಲಿ ಮಗ. ವರ್ಚುವಲ್ ರಿಯಾಲಿಟಿ ಕನ್ನಡಕ ಧರಿಸಿದರೆ ಇಬ್ಬರೂ ಒಂದೇ ಕೋಣೆಯಲ್ಲಿ ಕುಳಿತಂತೆ ಭಾಸವಾಗುತ್ತದೆ. ಒಂಟಿತನಕ್ಕೆ ಇದು ಒಳ್ಳೆಯ ಮದ್ದೇ. ಆದರೆ ವಯಸ್ಸಾದವರು ಇದನ್ನು ಕುಳಿತೇ ಧರಿಸಬೇಕು. ಕಣ್ಣಿಗೆ ಕಂಡ ಚಲನೆ ಒಳಕಿವಿಗೆ ತಿಳಿಯದಿದ್ದರೆ ತಲೆ ಸುತ್ತುತ್ತದೆ. ಆಗ ತಕ್ಷಣ ತೆಗೆದಿಡಬೇಕು.

ಇನ್ನೊಂದು ಮಾತು. ಈ ಕನ್ನಡಕದಲ್ಲಿ ತಾಯಿಯ ಕಾಲಿನ ಬಾವು ಮಗನಿಗೆ ತಿಳಿಯದು. 2002ರಲ್ಲಿ ಇಸ್ರೋ ಉಪಗ್ರಹದ ನೆರವಿನಿಂದ ಬೆಂಗಳೂರಿನ ಹೃದ್ರೋಗ ತಜ್ಞರು ಚಾಮರಾಜನಗರದ ರೋಗಿಗಳನ್ನು ನೋಡತೊಡಗಿದಾಗಲೂ, ಮುಟ್ಟಿ ಪರೀಕ್ಷಿಸಲು ಅಲ್ಲಿನ ವೈದ್ಯರೇ ಬೇಕಿತ್ತು.

ಆದ್ದರಿಂದ ಹತ್ತಿರವಿರುವ ಯಾರಾದರೂ ವಾರಕ್ಕೊಮ್ಮೆ ಅವರ ಕಣಕಾಲಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ 10 ಸೆಕೆಂಡು ಒತ್ತಿ ನೋಡಿ. ಗುಳಿ ಉಳಿದರೆ ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿ.