ಒಂದಕ್ಕೆ ಕುಂಡ ಸಾಕು, ಇನ್ನೊಂದಕ್ಕೆ ಕಾಡೇ ಬೇಕು

ಏವನ್‌ಡೇಲ್ ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಪಶ್ಚಿಮ ಭಾಗದ ಬಡಾವಣೆ. ಜೀವಿಲೋಕದಲ್ಲಿ ಈ ಊರಿನ ಹೆಸರು ಉಳಿದಿರುವುದು ಒಂದು ಜೇಡದಿಂದ. ಆಸ್ಟ್ರೇಲಿಯಾದಿಂದ ಬಂದು 1920ರ ದಶಕದಲ್ಲಿ ಇಲ್ಲಿ ಕಾಣಿಸಿಕೊಂಡ ದೊಡ್ಡ ಜೇಡಕ್ಕೆ ‘ಏವನ್‌ಡೇಲ್ ಜೇಡ’ ಎಂದೇ ಹೆಸರಾಯಿತು. ಡಿಸೆಂಬರಿನಲ್ಲಿ ಅಲ್ಲಿ ಬೇಸಿಗೆ ಶುರುವಾದರೆ ಹಿತ್ತಲಿಗೆ ಬರುವ ವಲಸಿಗನೇ ಬೇರೆ: ಕಿತ್ತಳೆ ರೆಕ್ಕೆ, ಕಪ್ಪು ಗೆರೆಯ ಮೊನಾರ್ಕ್ ಚಿಟ್ಟೆ. ಮೂಲ ಅಮೆರಿಕ, ನ್ಯೂಜಿಲೆಂಡನ್ನು 19ನೆಯ ಶತಮಾನದಲ್ಲೇ ಮುಟ್ಟಿತ್ತು.

ಈ ಕುಲ ನಮಗೂ ಗೊತ್ತಿರುವಂಥದ್ದೇ. ಎಕ್ಕದ ಎಲೆಯ ಮೇಲೆ ಮೊಟ್ಟೆಯಿಡುವ ಪ್ಲೇನ್ ಟೈಗರ್ ಮೊನಾರ್ಕಿನ ದಾಯಾದಿ. ಪಶ್ಚಿಮ ಘಟ್ಟದ ಮಳೆಕಾಡಿನ ಮಲಬಾರ್ ಟ್ರೀ ನಿಂಫ್ ಕೂಡ ಇದೇ ಬಳಗದ್ದು. ಮೂರರ ಮರಿಹುಳುಗಳೂ ಕಿತ್ತರೆ ಹಾಲು ಸುರಿಸುವ ಗಿಡಬಳ್ಳಿಗಳನ್ನೇ ತಿಂದು ಬೆಳೆಯುತ್ತವೆ.

ಏವನ್‌ಡೇಲಿನಂಥ ಬಡಾವಣೆಗಳಲ್ಲಿ ಮೊನಾರ್ಕಿಗೆ ಅನ್ನ ಹಾಕುವುದು ‘ಸ್ವಾನ್ ಪ್ಲಾಂಟ್’, ಆಫ್ರಿಕಾ ಮೂಲದ, ಎಕ್ಕದ ಸಂಬಂಧಿ. ನರ್ಸರಿಯಿಂದ ತಂದು ಕುಂಡದಲ್ಲಿಟ್ಟರೂ ಚಿಟ್ಟೆ ಹುಡುಕಿಕೊಂಡು ಬಂದು ಎಲೆಗೊಂದರಂತೆ ಮೊಟ್ಟೆಯಿಡುತ್ತದೆ. ಕಪ್ಪು, ಹಳದಿ, ಬಿಳಿ ಪಟ್ಟೆಯ ಹುಳು ನಾಲ್ಕು ಸಲ ಪೊರೆ ಬಿಟ್ಟು, ಕೊನೆಗೆ ತಲೆಕೆಳಗಾಗಿ ತೂಗಿ, ಚಿನ್ನದ ಚುಕ್ಕೆಯ ಹಸಿರು ಕೋಶವಾಗುತ್ತದೆ. ಬಿಸಿಲು ಚೆನ್ನಾಗಿದ್ದರೆ ಮೊಟ್ಟೆಯಿಂದ ಚಿಟ್ಟೆಗೆ ಸುಮಾರು ಒಂದು ತಿಂಗಳು. ಗಿಡದ ವಿಷ ಹುಳುವಿನ ಮೈಸೇರಿ ಚಿಟ್ಟೆಯಲ್ಲೂ ಉಳಿಯುವುದರಿಂದ ಹೆಚ್ಚಿನ ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ಕಣಜಗಳಿಗೆ ಆ ಭಯವಿಲ್ಲ, ಹುಳುಗಳನ್ನು ಹೊತ್ತೊಯ್ಯುತ್ತವೆ. ಬೇಸಿಗೆಯ ಕೊನೆಗೆ ಗಿಡ ಬೋಳಾದಾಗ, ಬಲಿತ ಹುಳುಗಳಿಗೆ ಸಿಹಿಗುಂಬಳದ ಹೋಳು ಕೊಟ್ಟು ದಡ ಸೇರಿಸುವವರಿದ್ದಾರೆ. ಅಲ್ಲಿನ ಮೊನಾರ್ಕಿನ ಬದುಕು ಬಹುಪಾಲು ತೋಟಗಾರರ ಕೈಯಲ್ಲಿದೆ.

ಟ್ರೀ ನಿಂಫಿನ ಕಥೆ ತಿರುಗುಮುರುಗು. ರೆಕ್ಕೆ ಹರಡಿದರೆ 12 ಸೆಂಟಿಮೀಟರಿಗೂ ಮೀರುವ, ಬಿಳಿಯ ಮೇಲೆ ಕಪ್ಪು ಚುಕ್ಕೆಯ ಈ ಚಿಟ್ಟೆ, ಗಾಳಿಗೆ ಸಿಕ್ಕ ಕಾಗದದ ಚೂರಿನಂತೆ ಮರಗಳ ನಡುವೆ ತೇಲುತ್ತದೆ. ಅವಸರವೇ ಇಲ್ಲ. ಆಗುಂಬೆ, ಕುದುರೆಮುಖದಂಥ ಕಾಡುಗಳಲ್ಲಿ ಇದು ಕಾಣಸಿಗುತ್ತದೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಇದರ ಹುಳುವಿಗೆ ಬಳ್ಳಿ ಬೇಕು, ಬಳ್ಳಿಗೆ ಹಬ್ಬಲು ಮರ ಬೇಕು, ಮರದಡಿ ನೆರಳೂ ತೇವವೂ ಆರದಂತಿರಬೇಕು.

ಬೆಂಗಳೂರಿನ ಅಂಗಳದಲ್ಲಿ ಎಕ್ಕ ನೆಟ್ಟರೆ ಪ್ಲೇನ್ ಟೈಗರ್ ಬಂದೀತು. ಟ್ರೀ ನಿಂಫನ್ನು ಕರೆಸಿಕೊಳ್ಳುವ ಗಿಡ ಯಾವ ನರ್ಸರಿಯಲ್ಲೂ ಸಿಗದು. ಅದರ ಪಾಲಿಗೆ ನಾವು ಮಾಡಬಹುದಾದ ಉಪಕಾರ ಒಂದೇ, ಇರುವ ಕಾಡಿಗೆ ಕೈಹಾಕದಿರುವುದು.