ಬಾಸ್ಟನ್‌ನಲ್ಲಿ ಹುಟ್ಟಿ ಮದ್ರಾಸ್ ಆಳಿದವನ ಬೇರು

ಮದ್ರಾಸ್ ಹೈಕೋರ್ಟ್ ಆವರಣದಲ್ಲಿ ಹದಿನೇಳನೇ ಶತಮಾನದ ಗೋರಿಯೊಂದಿದೆ. ಅದರೊಳಗೆ ಇಬ್ಬರಿದ್ದಾರೆ: 1680ರಲ್ಲಿ ತೀರಿಕೊಂಡ ಜೋಸೆಫ್ ಹಿನ್ಮರ್ಸ್ ಮತ್ತು ಡೇವಿಡ್ ಯೇಲ್ ಎಂಬ ಎಳೆಯ ಹುಡುಗ. ಹಿನ್ಮರ್ಸ್‌ನ ವಿಧವೆ ಕ್ಯಾಥರೀನ್ ಅದೇ ವರ್ಷ ನವೆಂಬರಿನಲ್ಲಿ ಕೋಟೆಯ ಸೇಂಟ್ ಮೇರಿ ಚರ್ಚಿನಲ್ಲಿ ಎಲಿಹು ಯೇಲ್‌ನ ಕೈಹಿಡಿದಳು. ಆಗಷ್ಟೇ ತೆರೆದಿದ್ದ ಆ ಚರ್ಚಿನ ಮೊದಲ ಮದುವೆ ಅದು. ಅವರಿಗೆ ಹುಟ್ಟಿದ ಗಂಡುಮಗುವೇ ಈ ಡೇವಿಡ್; ಅವನಿಗೆ ಅಜ್ಜನ ಹೆಸರನ್ನೇ ಇಟ್ಟರು, ನಮ್ಮಲ್ಲಿ ಇಡುವ ಹಾಗೆಯೇ.

ಆ ಅಜ್ಜ ಡೇವಿಡ್ ಅಮೆರಿಕದ ಬಾಸ್ಟನ್‌ನಲ್ಲಿ ನೆಲೆಸಿದ್ದ. ಎಲಿಹು ಅಲ್ಲಿಯೇ 1649ರಲ್ಲಿ ಹುಟ್ಟಿದ. ಮಗ ಇನ್ನೂ ಚಿಕ್ಕವನಿರುವಾಗಲೇ ಕುಟುಂಬ ಇಂಗ್ಲೆಂಡಿಗೆ ಮರಳಿತು. 1672ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತನಾಗಿ ಮದ್ರಾಸಿಗೆ ಬಂದ ಎಲಿಹು 1687ರಲ್ಲಿ ಗವರ್ನರ್ ಆದ. ಸ್ವಂತ ವ್ಯಾಪಾರದಲ್ಲಿ ಕೈತುಂಬ ಗಳಿಸಿದ, 1692ರಲ್ಲಿ ಹುದ್ದೆ ಕಳೆದುಕೊಂಡ. ಅವನ ಕಾಲದಲ್ಲಿ ಮದ್ರಾಸಿನಿಂದ ಗುಲಾಮರನ್ನು ಹಡಗಿಗೆ ಹತ್ತಿಸಿದ್ದೂ ಕೋಟೆಯ ಕಾಗದಪತ್ರಗಳಲ್ಲಿದೆ. ಮುಂದೆ ಒಂದು ಕಾಲೇಜಿಗೆ ದಾನ ಕೊಟ್ಟನೆಂದು ಅವನನ್ನು ಹೊಗಳುವಾಗ ಇದನ್ನು ಮರೆಯಬಾರದು.

ಸರಿ, ಈ ಮನೆತನ ಅಮೆರಿಕ ಸೇರಿದ್ದು ಹೇಗೆ? ಬರೀ ಗಂಡಸರ ಹೆಸರು ಹಿಡಿದು ಹೋದರೆ ಉತ್ತರ ಸಿಕ್ಕುವುದಿಲ್ಲ. ಎಲಿಹುವಿನ ಅಜ್ಜಿ ಆ್ಯನ್ ಲಾಯ್ಡ್, ಚೆಸ್ಟರಿನ ಬಿಷಪ್ ಒಬ್ಬರ ಮಗಳು. ಗಂಡ ಥಾಮಸ್ ಯೇಲ್ ಸತ್ತ ಮೇಲೆ ಆಕೆ ಥಿಯೋಫಿಲಸ್ ಈಟನ್ ಎಂಬ ವ್ಯಾಪಾರಿಯನ್ನು ಮದುವೆಯಾದಳು. 1637ರಲ್ಲಿ ಈಟನ್ ಅಮೆರಿಕಕ್ಕೆ ಹೊರಟಾಗ ಆಕೆಯ ಮಕ್ಕಳೂ ಜೊತೆಗೆ ಹೋದರು. ಮರುವರ್ಷ ಈಟನ್ ಮತ್ತು ಸಂಗಡಿಗರು ನ್ಯೂ ಹೇವನ್ ವಸಾಹತು ಕಟ್ಟಿದರು.

ಅದರ ಹಿಂದಿನ ಎಳೆ ವೇಲ್ಸ್‌ನದು. ಅಲ್ಲಿನ ‘ಪ್ಲಾಸ್ ಅನ್ ಯಾಲ್’ ಎಂಬ ಜಮೀನುದಾರರ ಮನೆಯಿಂದ ಯೇಲ್ ಹೆಸರು ಬಂತು. ಅದಕ್ಕೂ ಮುಂಚೆ ವೇಲ್ಸ್‌ನ ಬಹುಪಾಲು ಜನರಿಗೆ ಮನೆತನದ ಹೆಸರೇ ಇರಲಿಲ್ಲ. ಇಂಥವರ ಮಗ ಇಂಥವರು ಎಂದಷ್ಟೇ. ಆ ಸರಪಳಿಯನ್ನು ನೆನಪಿಟ್ಟವರು ಊರೂರು ಸುತ್ತುವ ಕವಿಗಳು. ಅವರಲ್ಲೊಬ್ಬನಾದ ಲೂಯಿಸ್ ಡನ್ 1586ರಲ್ಲಿ ಅಧಿಕಾರಪತ್ರ ಪಡೆದು, ಮನೆಮನೆಯ ವಂಶಾವಳಿ ಬರೆದಿಟ್ಟ. ನಮ್ಮ ಹೆಳವರೂ ಮಾಡಿದ್ದು ಇದನ್ನೇ. ಎತ್ತಿನ ಮೇಲೆ ಬಂದು ಒಕ್ಕಲು ಮನೆಗಳ ಮೂಲಪುರುಷರನ್ನು, ಕಾಳಗದಲ್ಲಿ ಮಡಿದವರನ್ನು ಹೆಸರಿಸಿ ಕಾಳುಕಡಿ ಪಡೆಯುತ್ತಿದ್ದ ಅವರ ಬಗ್ಗೆ, ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳನ್ನು ದಾಖಲಿಸಿದ ಥರ್ಸ್ಟನ್ 1909ರಲ್ಲೇ ಬರೆದಿದ್ದಾನೆ.

ಅಮೆರಿಕದ ಯೇಲ್‌ಗಳು ಈ ಕೆಲಸವನ್ನು ಅಚ್ಚಿಗೆ ತಂದರು. ಎಲಿಹು ಎಂಬ ಹೆಸರಿನವನೇ ಇನ್ನೊಬ್ಬ 1850ರಲ್ಲಿ ಒಂದು ವಂಶಚರಿತ್ರೆ ಪ್ರಕಟಿಸಿದ; 1908ರಲ್ಲಿ ರಾಡ್ನಿ ಹೊರೇಸ್ ಯೇಲ್ ವೇಲ್ಸ್‌ನ ಇತಿಹಾಸವನ್ನೂ ಸೇರಿಸಿ ದೊಡ್ಡ ಗ್ರಂಥ ತಂದ. ಆ ಯೇಲ್‌ಗಳು ಗವರ್ನರನ ಸಂತತಿಯಲ್ಲ, ನ್ಯೂ ಹೇವನ್ ಕಡೆಯಲ್ಲೇ ಉಳಿದ ಅವನ ಚಿಕ್ಕಪ್ಪ ಥಾಮಸ್‌ನ ಕುಡಿಗಳು. ಗವರ್ನರನಿಗೆ ಉಳಿದದ್ದು ಹೆಣ್ಣುಮಕ್ಕಳು ಮಾತ್ರ. 1718ರಲ್ಲಿ ಅವನು ಕಳಿಸಿದ ಒಂಬತ್ತು ಮೂಟೆ ಸರಕು, 417 ಪುಸ್ತಕ, ರಾಜನ ಒಂದು ಚಿತ್ರಕ್ಕೆ ಪ್ರತಿಯಾಗಿ ನ್ಯೂ ಹೇವನ್ನಿನ ಕಾಲೇಜು ಅವನ ಹೆಸರು ಇಟ್ಟುಕೊಂಡಿತು.

ನಿಮ್ಮ ಮನೆಯ ವಂಶವೃಕ್ಷ ಬರೆಸುವಾಗ ಅಜ್ಜಿಯರ ಹೆಸರು, ಅವರ ತವರೂರು ಎರಡನ್ನೂ ಬರೆಸಿ.